ಉಪವಾಸವಿದ್ದ ಕೋಳಿಯ ಯಕೃತ್ತಿನಲ್ಲಿ ಜೀನ್ ಚಟುವಟಿಕೆ ಅಳೆಯುವ ಬಗೆ

ಹಕ್ಕಿಗಳ ಮೈಯಲ್ಲಿ ಹೊಸ ಕೊಬ್ಬು ತಯಾರಾಗುವುದು ಬಹುಪಾಲು ಯಕೃತ್ತಿನಲ್ಲೇ. ಹಾವೇರಿ ಸೀಮೆಯ ಗೋವಿನಜೋಳ ತಿಂದು ಬೆಳೆದ ಕೋಳಿಗೆ ಆಹಾರ ನಿಲ್ಲಿಸಿದರೆ, ಪಿಷ್ಟವನ್ನು ಕೊಬ್ಬಾಗಿಸಲು ಬೇಕಾದ ಎಫ್‌ಎಎಸ್‌ಎನ್, ಎಸ್‌ಸಿಡಿ ಮುಂತಾದ ಜೀನ್‌ಗಳ ಚಟುವಟಿಕೆ ತಗ್ಗುತ್ತದೆ. ಕೂಡಿಟ್ಟ ಕೊಬ್ಬನ್ನು ಉರಿಸಲು ನೆರವಾಗುವ ಸಿಪಿಟಿ-1ಎ, ಪಿಡಿಕೆ-4 ಜೀನ್‌ಗಳ ಚಟುವಟಿಕೆ ಏರುತ್ತದೆ. ಧಾರವಾಡದಲ್ಲಿ ಇದನ್ನು ಅಳೆಯಲು ಹೊರಟ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಈ ಮಾತುಗಳು. ನಾನು ಕಂಡಂತೆ ಪ್ರಯೋಗ ಹೆಚ್ಚಾಗಿ ಕೆಡುವುದು ಕೋಳಿಮನೆಯಲ್ಲೇ.

ಪ್ರಾಣಿ ನೈತಿಕ ಸಮಿತಿಯ ಅನುಮತಿ ಕೈಗೆ ಬರುವವರೆಗೆ ಏನನ್ನೂ ಆರಂಭಿಸಬಾರದು. ನೆಲಕ್ಕೆ ಶೇಂಗಾ ಹೊಟ್ಟು ಹಾಸಿದ ಮನೆಯಲ್ಲಿ ಹಸಿದ ಕೋಳಿ ಆ ಹೊಟ್ಟನ್ನೂ ಅದರಲ್ಲಿ ಬಿದ್ದ ಕಾಳನ್ನೂ ಕೆದಕಿ ತಿನ್ನುತ್ತದೆ. ಆದ್ದರಿಂದ ಉಪವಾಸದ ಗುಂಪನ್ನು ತಂತಿಬಲೆಯ ತಳವಿರುವ ಗೂಡಿಗೆ ಸೇರಿಸಬೇಕು, ಹೋಲಿಕೆಯ ಗುಂಪನ್ನೂ ಅಂಥದೇ ಗೂಡಿನಲ್ಲಿ ಆಹಾರ ಕೊಟ್ಟು ಇರಿಸಬೇಕು. ನೀರನ್ನು ಎಂದೂ ತಪ್ಪಿಸಬಾರದು. ಏಪ್ರಿಲ್, ಮೇ ತಿಂಗಳ ಬಿಸಿಲಿನ ಬಾಧೆಯೂ ಯಕೃತ್ತಿನ ಜೀನ್‌ಗಳನ್ನು ಕದಲಿಸುವುದರಿಂದ ಚಳಿಗಾಲದ ದಿನಗಳೇ ಮೇಲು.

ತಟ್ಟೆ ತೆಗೆದ ಗಳಿಗೆಗೆ ಉಪವಾಸ ಶುರುವಾಯಿತೆಂದು ಭಾವಿಸಬಾರದು. ಕೊರಳಿನ ಬುಡದ ಚೀಲದಲ್ಲಿ ಕಾಳು ಉಳಿದಿರುತ್ತದೆ. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ತುಂಬಿದ ಚೀಲ ಹರಳುಹರಳಾಗಿ ಸಿಗುತ್ತದೆ, ಬರಿದಾದದ್ದು ಸಡಿಲ ಚರ್ಮದಂತೆ ಜಾರುತ್ತದೆ. ತಟ್ಟೆ ತೆಗೆದ ಹೊತ್ತನ್ನೂ ಚೀಲ ಬರಿದಾದ ಹೊತ್ತನ್ನೂ ಬೇರೆಬೇರೆಯಾಗಿ ಬರೆದಿಡಬೇಕು. 16 ತಾಸಿನ ಉಪವಾಸ ಇಟ್ಟುಕೊಂಡರೆ, ಉಂಡ ಕೋಳಿಗಳ ಮಾದರಿಯನ್ನೂ ಅದೇ ಬೆಳಗಿನ ಅದೇ ಹೊತ್ತಿನಲ್ಲಿ ತೆಗೆಯಬೇಕು, ಏಕೆಂದರೆ ಹಗಲು-ರಾತ್ರಿಯ ಲಯಕ್ಕೂ ಈ ಜೀನ್‌ಗಳು ಸ್ಪಂದಿಸುತ್ತವೆ.

ಉಂಡ ಕೋಳಿಯ ಯಕೃತ್ತು ದೊಡ್ಡದಾಗಿ, ತಿಳಿಯಾದ ಬಣ್ಣದಲ್ಲಿರುತ್ತದೆ. ಉಪವಾಸವಿದ್ದದ್ದು ಕುಗ್ಗಿ ಕಪ್ಪಾಗಿರುತ್ತದೆ, ಪಕ್ಕದ ಪಿತ್ತಕೋಶ ಹಸಿರು ತುಂಬಿ ಉಬ್ಬಿರುತ್ತದೆ. ಅದು ಒಡೆಯದಂತೆ ಎಚ್ಚರವಹಿಸಿ, ಪ್ರತಿ ಕೋಳಿಯಲ್ಲೂ ಯಕೃತ್ತಿನ ಒಂದೇ ಹಾಲೆಯಿಂದ (ಭಾಗದಿಂದ) ತುಂಡು ತೆಗೆದು ತಕ್ಷಣ ದ್ರವ ಸಾರಜನಕಕ್ಕೆ ಹಾಕಿ, ಅನಂತರ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಜೀನ್ ಎಷ್ಟು ಚುರುಕಾಗಿದೆಯೆಂದು ತೋರಿಸುವುದು ಅದರ ನಕಲಾದ ಆರ್‌ಎನ್‌ಎ. ಅದನ್ನು ಕಾಪಾಡುವ ದ್ರಾವಣ ಬಳಸುವುದಾದರೆ ತುಂಡು 5 ಮಿಲಿಮೀಟರಿಗಿಂತ ದಪ್ಪವಿರಬಾರದು. ಇದ್ದರೆ ದ್ರಾವಣ ಒಳಗೆ ಇಳಿಯುವ ಮೊದಲೇ ಆರ್‌ಎನ್‌ಎ ಮುರಿಯುತ್ತದೆ.

ಆ ಆರ್‌ಎನ್‌ಎ ಎಷ್ಟಿದೆಯೆಂದು ಅಳೆಯುವ ಪಿಸಿಆರ್ ಹಂತದಲ್ಲಿ ಒಂದೇ ಎಚ್ಚರಿಕೆ ಹೇಳುತ್ತೇನೆ. ಉಳಿದ ಜೀನ್‌ಗಳ ಏರಿಳಿತವನ್ನು ಹೋಲಿಸಿ ನೋಡಲು ಅಭ್ಯಾಸಬಲದಿಂದ ಎಲ್ಲರೂ ಆಧಾರವಾಗಿ ಹಿಡಿಯುವ ಜಿಎಪಿಡಿಎಚ್ ಸಕ್ಕರೆಯನ್ನು ಒಡೆಯುವ ಕಿಣ್ವದ ಜೀನ್. ಉಪವಾಸದಲ್ಲಿ ಅದೇ ಅಲುಗಾಡಬಹುದು. ಎರಡೂ ಗುಂಪುಗಳಲ್ಲಿ ಸ್ಥಿರವಾಗಿವೆಯೆಂದು ಮೊದಲೇ ಪರೀಕ್ಷಿಸಿದ ಕನಿಷ್ಠ ಎರಡು ಜೀನ್‌ಗಳನ್ನು ಆಧಾರವಾಗಿಟ್ಟುಕೊಂಡೇ ಲೆಕ್ಕ ಹಾಕಬೇಕು.