ತೋಳಲ್ಲಿ ಪಿಕ್ ಲೈನ್ ಇದ್ದರೆ ಫ್ಲಷ್, ಡ್ರೆಸ್ಸಿಂಗ್ ಹೇಗೆ?

ಕಿಮೊಥೆರಪಿ ತಿಂಗಳುಗಟ್ಟಲೆ ನಡೆಯುವವರಿಗೆ ಮೇಲ್ದೋಳಿನ ರಕ್ತನಾಳದಲ್ಲಿ ಪಿಕ್ ಲೈನ್ ಎಂಬ ಉದ್ದನೆಯ ತೆಳು ನಳಿಕೆ ಹಾಕಿ ಊರಿಗೆ ಕಳಿಸುವುದುಂಟು. ಅದರ ಒಳತುದಿ ಹೃದಯದ ಹತ್ತಿರವೇ ಇರುತ್ತದೆ. ಔಷಧ ಹೋಗದ ವಾರದಲ್ಲೂ ಒಂದು ಫ್ಲಷ್ (ಸಲೈನ್ ತಳ್ಳಿ ಲೈನಿನ ಒಳಗನ್ನು ತೊಳೆಯುವುದು), ಒಂದು ಡ್ರೆಸ್ಸಿಂಗ್ ತಪ್ಪಬಾರದು. ಇದು ನರ್ಸ್ ಅಥವಾ ಆಸ್ಪತ್ರೆಯಲ್ಲಿ ತರಬೇತಿ ಪಡೆದ ಮನೆಯವರ ಕೆಲಸ.

ಕೈಗೆ ಸೋಪು ಹಾಕಿ ತೊಳೆದ ಮೇಲೆ ಲೈನಿನ ಕ್ಯಾಪನ್ನು ಸ್ಪಿರಿಟ್ ಸ್ವಾಬಿನಿಂದ 15 ಸೆಕೆಂಡ್ ಗಟ್ಟಿಯಾಗಿ ತಿಕ್ಕಿ. ತಿರುಪಿನ ಅಂಚನ್ನೂ ಬಿಡಬೇಡಿ. ತಾನಾಗಿ ಒಣಗಲಿ, ಊದಬೇಡಿ. ಈ ಹಂತದಲ್ಲಿ ಅವಸರ ಮಾಡಿದರೆ ಸೋಂಕು ನುಸುಳಬಹುದು.

ಸಿರಿಂಜ್ 10 ಎಂಎಲ್‌ನದೇ ಆಗಬೇಕು. 2 ಎಂಎಲ್ ಸಿರಿಂಜಿನಲ್ಲಿ ಅಷ್ಟೇ ಬಲಕ್ಕೆ ಒತ್ತಡ ಹೆಚ್ಚು, ಕಟ್ಟಿಕೊಂಡ ಲೈನ್ ಒಡೆದೀತು. ಗಾಳಿ ಹೊರಹಾಕಿ ಜೋಡಿಸಿ, ಸ್ವಲ್ಪ ಹಿಂದಕ್ಕೆಳೆದು ರಕ್ತ ಬರುವುದನ್ನು ನೋಡಿ. ಬಳಿಕ 0.9% ಸಲೈನನ್ನು 1 ಎಂಎಲ್‌ನಷ್ಟು ತಳ್ಳಿ, ನಿಲ್ಲಿಸಿ, ಮತ್ತೆ ತಳ್ಳಿ. ಒಂದೇ ಸಮನೆ ತಳ್ಳಿದರೆ ಒಳಗೋಡೆಗಂಟಿದ ರಕ್ತ ಪೂರ್ತಿ ಕೊಚ್ಚಿಹೋಗುವುದಿಲ್ಲ. ಮಾಮೂಲಿಗೆ 10 ಎಂಎಲ್, ರಕ್ತ ತೆಗೆದಿದ್ದರೆ 20. ಕೊನೆಯ ಅರ್ಧ ಎಂಎಲ್ ಉಳಿಸಿ, ಪ್ಲಂಜರ್ ಒತ್ತಿಕೊಂಡೇ ಕ್ಲ್ಯಾಂಪ್ ಹಾಕಿ. ಕೆಲವು ಕವಾಟದ ಕ್ಯಾಪುಗಳಿಗೆ ಈ ಕ್ರಮ ಬೇರೆ. ಆಸ್ಪತ್ರೆ ಹೇಳಿಕೊಟ್ಟದ್ದೇ ಅಂತಿಮ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ವೈದ್ಯರು ಬರೆದುಕೊಟ್ಟರೆ ಮಾತ್ರ.

ಸಲೈನ್ ಹೋಗುತ್ತದೆ, ರಕ್ತ ಬರುವುದಿಲ್ಲ ಎಂದಾದರೆ ತುದಿಗೆ ಫೈಬ್ರಿನ್ (ಹೆಪ್ಪುಗಟ್ಟುವ ರಕ್ತದ ನಾರು) ಪೊರೆ ಕಟ್ಟಿರಬಹುದು. ಕೈ ಎತ್ತಿಸಿ, ಕೆಮ್ಮಿಸಿ ನೋಡಿ. ಆಗಲೂ ಬಾರದಿದ್ದರೆ ವೈದ್ಯರು ನೋಡುವವರೆಗೆ ಆ ಲೈನಿನಲ್ಲಿ ಕಿಮೊ ಬೇಡ. ಸಲೈನೇ ಹೋಗದಿದ್ದರೆ ಬಲ ಹಾಕಲೇಬೇಡಿ.

ಪಾರದರ್ಶಕ ಡ್ರೆಸ್ಸಿಂಗ್ ಆದರೆ 7 ದಿನಕ್ಕೊಮ್ಮೆ, ಗಾಜ್ ಬಟ್ಟೆಯದಾದರೆ 2 ದಿನಕ್ಕೊಮ್ಮೆ ಬದಲಿಸಿ. ಕಲಬುರಗಿ, ರಾಯಚೂರಿನ ಬೇಸಿಗೆಯ ಬೆವರಿಗೆ ಅಂಚು ಎದ್ದರೆ ದಿನ ಎಣಿಸುತ್ತ ಕೂರದೆ ಆಗಲೇ ಬದಲಿಸಿ. ರೋಗಿ, ಬದಲಿಸುವವರು ಇಬ್ಬರೂ ಮಾಸ್ಕ್ ಹಾಕಿಕೊಳ್ಳಿ. ಹಳೆಯದನ್ನು ಕೆಳಗಿನಿಂದ ಭುಜದ ಕಡೆಗೆ ಬಿಡಿಸಿ. ಉಲ್ಟಾ ಎಳೆದರೆ ಲೈನೇ ಈಚೆ ಬಂದೀತು. ಸ್ಟೆರೈಲ್ ಗ್ಲೌಸ್ ಹಾಕಿ, 2% ಕ್ಲೋರ್‌ಹೆಕ್ಸಿಡೀನ್-ಆಲ್ಕೋಹಾಲ್ ಸೋಂಕುನಾಶಕದಿಂದ ಚರ್ಮವನ್ನು 30 ಸೆಕೆಂಡ್ ಹಿಂದೆಮುಂದೆ ಉಜ್ಜಿ, ಪೂರ್ತಿ ಒಣಗಿಸಿ ಅಂಟಿಸಿ. ಹಸಿಯಿರುವಾಗಲೇ ಮುಚ್ಚಿದರೆ ಚರ್ಮ ಕೆಂಪಾಗಿ ಗುಳ್ಳೆಯೇಳುತ್ತದೆ. ಹೊರಗುಳಿದ ಲೈನಿನ ಸೆಂ.ಮೀ. ಗುರುತು ಬರೆದಿಡಿ. ಈಚೆ ಜಾರಿದ್ದನ್ನು ಒಳಗೆ ತಳ್ಳಕೂಡದು.

ಆ ತೋಳಿಗೆ ಬಿಪಿ ಪಟ್ಟಿ ಬೇಡ. ಫ್ಲಷ್ ಆದ ಸ್ವಲ್ಪ ಹೊತ್ತಿಗೆ ನಡುಗಿ ಜ್ವರ ಬಂದರೆ ರಕ್ತದ ಸೋಂಕಿನ ಶಂಕೆ. ತೋಳು, ಕುತ್ತಿಗೆ ಊದಿದರೆ ರಕ್ತ ಹೆಪ್ಪುಗಟ್ಟಿರಬಹುದು. ಎರಡಕ್ಕೂ ತಡಮಾಡದೆ ತಕ್ಷಣ ಆಸ್ಪತ್ರೆಗೆ ಹೋಗಿ. ಲೈನ್ ತುಂಡಾದರೆ ಚರ್ಮಕ್ಕೂ ತುಂಡಾದ ಜಾಗಕ್ಕೂ ನಡುವೆ ಮಡಚಿ ಹಿಡಿದು ತಕ್ಷಣ ಹೊರಡಿ.