ಪಕ್ಕದ ಸರ್ಕಾರಿ ಮನೆಗಳ ದುರಸ್ತಿ, ನಮ್ಮ ಗೋಡೆಯ ಬಿರುಕು: ನನ್ನ ಅನುಭವ

ತುಮಕೂರಿನ ಶಿರಾ ಗೇಟ್ ಬಳಿ ನಮ್ಮ ಮನೆಗೆ ಒತ್ತಿಕೊಂಡೇ ಸರ್ಕಾರ ಬಡವರಿಗೆ ಕಟ್ಟಿಸಿಕೊಟ್ಟ ಮನೆಗಳ ಸಾಲಿದೆ. ಅವುಗಳ ಸೋರುವ ತಾರಸಿ ಒಡೆದು ಸರಿಪಡಿಸಲು, ಚರಂಡಿ ಕೊಳವೆ ಬದಲಿಸಲು ಗುತ್ತಿಗೆದಾರರು ಬಂದರು. ಬ್ರೇಕರ್ ಯಂತ್ರದ ಕಂಪನಕ್ಕೆ ನಮ್ಮ ಮಲಗುವ ಕೋಣೆಯ ಗೋಡೆ ಬಿರಿಯಿತು. ಪಾಯದ ಪಕ್ಕ ಅಗೆದ ಗುಂಡಿಯಲ್ಲಿ ಮಳೆನೀರು ನಿಂತು ಅಡುಗೆಮನೆಯ ಗಾರೆ ಉಬ್ಬಿತು.

ಅಲ್ಲಿ ವಾಸಿಸುವವರೊಂದಿಗೆ ದಯವಿಟ್ಟು ಜಗಳಕ್ಕೆ ಹೋಗಬೇಡಿ. ಕೆಲಸ ಮಾಡಿಸುತ್ತಿರುವುದು ಸರ್ಕಾರ, ಅವರಲ್ಲ. ವರ್ಷಗಟ್ಟಲೆ ಸೋರುವ ಸೂರಿನಡಿ ಮಲಗಿದವರಿಗೆ ದುರಸ್ತಿ ಆಗಲೇಬೇಕು. ಪಕ್ಕದ ಮನೆಯ ಅಜ್ಜಿ ತಾವಾಗಿಯೇ ಬಂದು, "ಬಿರುಕು ಬಿಟ್ಟದ್ದನ್ನು ನಾನು ನೋಡಿದ್ದೇನಪ್ಪ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ" ಎಂದು ನನ್ನ ಅರ್ಜಿಗೆ ಹೆಬ್ಬೆಟ್ಟು ಒತ್ತಿದರು.

ನೋಡಲು ಬಂದ ಸರ್ಕಾರಿ ಎಂಜಿನಿಯರ್ ಹೇಳಿದ ಮೊದಲ ಮಾತು, "ಇದು ಹಳೆಯ ಬಿರುಕು ಸ್ವಾಮಿ." ಹಳೆಯ ಬಿರುಕಿನೊಳಗೆ ಧೂಳು, ಬಣ್ಣ ಸೇರಿಕೊಂಡಿರುತ್ತದೆ, ಹೊಸದರ ಅಂಚು ಚೂಪಾಗಿ, ಒಳಗೆ ಸ್ವಚ್ಛವಾಗಿರುತ್ತದೆ. ಅದನ್ನು ಟಾರ್ಚ್ ಹಿಡಿದು ತೋರಿಸಿದೆ. ಮಗಳ ಹುಟ್ಟುಹಬ್ಬದ ಫೋಟೊದಲ್ಲಿ ಅದೇ ಗೋಡೆ ನುಣುಪಾಗಿ ಕಾಣುತ್ತಿತ್ತು, ಅದನ್ನೂ ಮುಂದಿಟ್ಟೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿ ದಿನಾಂಕ ಬರೆದೆ. ಕೆಲಸ ಮುಂದುವರಿದಂತೆ ಗಾಜು ಸೀಳಿತು. ಗೋಡೆ ಇನ್ನೂ ಕದಲುತ್ತಿದೆ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಲಿಲ್ಲ.

ಬಾಯಿಮಾತಿನ ದೂರಿಗೆ ಸರ್ಕಾರಿ ಕಚೇರಿಯಲ್ಲಿ ಕಿಮ್ಮತ್ತಿಲ್ಲ. ಅರ್ಜಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ಟಪಾಲು ಶಾಖೆಯ ಮೊಹರು ಹಾಕಿಸಿಕೊಂಡೆ. ಜಂಟಿ ಸ್ಥಳ ಪರಿಶೀಲನೆ ನಡೆಸಿ ಹಿಂಬರಹ, ಅಂದರೆ ಅರ್ಜಿಗೆ ಲಿಖಿತ ಉತ್ತರ, ಕೊಡಿ ಎಂದು ಕೇಳಿದೆ. ಉತ್ತರ ಬಾರದಿದ್ದಾಗ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಾರ್ಯಾದೇಶ (ಗುತ್ತಿಗೆದಾರರಿಗೆ ಕೆಲಸ ಒಪ್ಪಿಸಿದ ಆದೇಶ) ಮತ್ತು ಗುತ್ತಿಗೆ ಕರಾರಿನ ನಕಲು ಕೋರಿದೆ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದ ಮೀರದಂತಿರಬೇಕು. ಉತ್ತರಕ್ಕೆ 30 ದಿನಗಳ ಗಡುವಿದೆ.

ಇಡೀ ವ್ಯವಹಾರದ ದಿಕ್ಕು ಬದಲಿಸಿದ್ದು ಹಾಗೆ ಕೈಗೆ ಬಂದ ಆ ಕರಾರು. ಅಕ್ಕಪಕ್ಕದ ಆಸ್ತಿಗೆ ಆಗುವ ಹಾನಿಯನ್ನು ಗುತ್ತಿಗೆದಾರರೇ ಸರಿಪಡಿಸಬೇಕೆಂಬ ಷರತ್ತು ಅದರಲ್ಲೇ ಇತ್ತು, ಅಂತಿಮ ಬಿಲ್ ಇನ್ನೂ ಪಾಸಾಗಿರಲಿಲ್ಲ. ನಮ್ಮ ಗೋಡೆ ಸರಿಯಾಗುವವರೆಗೆ ಬಿಲ್ಲನ್ನೂ ಗುತ್ತಿಗೆದಾರರ ಭದ್ರತಾ ಠೇವಣಿಯನ್ನೂ ತಡೆಹಿಡಿಯಿರಿ ಎಂದು ಷರತ್ತಿನ ಸಂಖ್ಯೆ ನಮೂದಿಸಿ ಕಚೇರಿಗೆ ಬರೆದೆ. ಅಲ್ಲಿಯವರೆಗೆ ಫೋನ್ ಎತ್ತದ ಗುತ್ತಿಗೆದಾರರು ಮೇಸ್ತ್ರಿಯನ್ನು ಮನೆಗೇ ಕಳುಹಿಸಿದರು. ಸರ್ಕಾರದ ಮೇಲೆ ದಾವೆ ಹೂಡಲು ಎರಡು ತಿಂಗಳ ಮುಂಗಡ ನೋಟಿಸ್ ಕೊಡಬೇಕು. ನನಗೆ ಆ ಹಾದಿ ಬೇಕಾಗಲಿಲ್ಲ.

ಗುಂಡಿ ಮುಚ್ಚಿ ಮಣ್ಣು ದಮ್ಮಸ್ಸು ಮಾಡಿದ ಮೇಲೆಯೇ ಬಿರುಕು ಮುಟ್ಟಬೇಕೆಂದು ಹಟ ಹಿಡಿದೆ. ನಂತರ ಗಾರೆ ಕೆತ್ತಿ, ಜಾಲರಿ ಬಡಿದು, ಹೊಸ ಗಾರೆ ಹಾಕಿದರು. ಅಡುಗೆಮನೆಯ ತೇವ ಪೂರ್ತಿ ಆರಿಲ್ಲ. ಅದು ಆರುವವರೆಗೆ ಕೆಲಸ ತೃಪ್ತಿಕರವಾಗಿದೆ ಎಂಬ ಪತ್ರಕ್ಕೆ ಸಹಿ ಹಾಕುವುದಿಲ್ಲವೆಂದು ಬರೆದುಕೊಟ್ಟಿದ್ದೇನೆ.