ಉಡುಪಿ ರಥಬೀದಿ ನೋಡುವುದು ಹೇಗೆ?

ನೆಂಟರು ಬಂದರೆ ಕೃಷ್ಣ ಮಠದ ಸುತ್ತಲಿನ ರಥಬೀದಿ ತೋರಿಸುವ ಕೆಲಸ ಮನೆಯಲ್ಲಿ ನನ್ನದೇ. ಎಲ್ಲರಿಗೂ ಅರ್ಧ ಗಂಟೆಯಲ್ಲಿ ಮುಗಿಸಿ ಮಲ್ಪೆ ಬೀಚಿಗೆ ಓಡುವ ಗಡಿಬಿಡಿ. ಸುತ್ತ ಎಂಟು ಮಠ ಇರುವಾಗ ನಡುಬೀದಿಯಲ್ಲಿ ನಿಂತು "ಮಠ ಎಲ್ಲಿ?" ಅಂತ ಕೇಳಿದವರೂ ಇದ್ದಾರೆ.

ಬೆಳಿಗ್ಗೆ ಏಳರೊಳಗೆ ಬನ್ನಿ. ಕಾರನ್ನು ಕೃಷ್ಣ ಮಠದ ಸಭಾಂಗಣ ರಾಜಾಂಗಣದ ಹತ್ತಿರ ಬಿಡಿ.

ಮೊದಲು ಚಂದ್ರಮೌಳೀಶ್ವರ ದೇವಸ್ಥಾನ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ಇದು ಇಲ್ಲಿನ ಕ್ರಮ. ನೇರ ಕೃಷ್ಣನ ಸಾಲಿಗೆ ಹೋದರೆ ಯಾರೂ ಬೈಯುವುದಿಲ್ಲ, ಆದರೆ ಹೊರಗೆ ಬರುವಷ್ಟರಲ್ಲಿ ಹಸಿವಾಗಿ ಉಳಿದೆರಡು ತಪ್ಪಿಹೋಗುತ್ತವೆ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಪಾಠ ಹೇಳಿದ್ದು ಅನಂತೇಶ್ವರದಲ್ಲೇ. ಅದನ್ನು ಬಿಟ್ಟು ಹೋಗಬೇಡಿ.

ಜಾಸ್ತಿ ಜನ ಎಡವುವುದು ಕೃಷ್ಣನನ್ನು ನೋಡುವ ಕಿಂಡಿಯ ಹತ್ತಿರ. ಇಲ್ಲಿ ಕಿಂಡಿ ಒಂದಲ್ಲ, ಎರಡು. ಬೀದಿಯ ಕಡೆಗಿರುವುದು ಕನಕನ ಕಿಂಡಿ. ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದಾನೆ. ಕನಕದಾಸರಿಗಾಗಿ ಈ ಕಡೆ ತಿರುಗಿದ ಅನ್ನುವುದು ನಾವೆಲ್ಲ ಕೇಳಿ ಬೆಳೆದ ಕತೆ. ಒಳಗಿರುವುದು ನವಗ್ರಹ ಕಿಂಡಿ, ಬೆಳ್ಳಿ ಹೊದಿಸಿದ ಒಂಬತ್ತು ತೂತುಗಳದ್ದು. ಒಳಗೆ ಹೋದವರಿಗೂ ದರ್ಶನ ಇದರ ಮೂಲಕವೇ. ಬಾಗಿಲು ತೆರೆದಿರುತ್ತದೆ ಅಂದುಕೊಂಡು ಬಂದವರು ಬೆಳ್ಳಿಯ ಕೆತ್ತನೆ ನೋಡಿ, ಕೈಮುಗಿದು, ಮುಂದೆ ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ. ಒಂದೇ ತೂತು ಆರಿಸಿಕೊಳ್ಳಿ. ಸ್ವಲ್ಪ ಬಗ್ಗಿ, ಕಣ್ಣು ಹತ್ತಿರ ತನ್ನಿ. ಒಳಗಿನ ದೀಪದ ಬೆಳಕಿಗೆ ಕಣ್ಣು ಹೊಂದಲು ಎರಡು ಉಸಿರಿನಷ್ಟು ಹೊತ್ತು ಬೇಕು. ಹಿಂದಿನವರು ತಳ್ಳಿದರೂ ಅಷ್ಟು ಹೊತ್ತು ನಿಲ್ಲಿ. ಬಲಗೈಯ ಕಡೆಗೋಲು, ಎಡಗೈಯ ಹಗ್ಗ ಹುಡುಕಿ. ಬಾಲಕೃಷ್ಣ ಪುಟ್ಟದಾಗಿದ್ದಾನೆ, ಅಲಂಕಾರ ಜೋರಿದ್ದ ದಿನ ಕಡೆಗೋಲು ಕಾಣದೆಯೂ ಹೋಗಬಹುದು. ಗಂಡಸರು ಒಳಗೆ ಹೋಗುವ ಮೊದಲೇ ಅಂಗಿ ತೆಗೆದು ಕೈಯಲ್ಲಿ ಹಿಡಿದಿರಿ. ಸಾಲಿನಲ್ಲಿ ಗುಂಡಿ ಬಿಚ್ಚುತ್ತಾ ನಿಂತರೆ ಎಲ್ಲರಿಗೂ ಕಿರಿಕಿರಿ, ಅಲ್ವಾ?

ಹೊರಗೆ ಬಂದು ಮಧ್ವ ಸರೋವರದ ಹತ್ತಿರ ಕಟ್ಟಿಗೆ ರಥ ನೋಡಿ. ಸೌದೆಯನ್ನೇ ತೇರಿನ ಹಾಗೆ ಜೋಡಿಸಿದ್ದು, ಪರ್ಯಾಯದ ತಯಾರಿಯ ಭಾಗ. ಎರಡು ವರ್ಷಕ್ಕೊಮ್ಮೆ, ಸಮ ಇಸವಿಯ ಜನವರಿ 18ಕ್ಕೆ ಕೃಷ್ಣನ ಪೂಜೆಯ ಹೊಣೆ ಈ ಎಂಟರಲ್ಲಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಅದೇ ಪರ್ಯಾಯ. ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಅಂತ ನಾಲ್ಕು ಮುಹೂರ್ತಗಳ ತಯಾರಿ ಅದಕ್ಕೆ. ಒಂದು ಮಠದ ಸರದಿ ಮತ್ತೆ ಬರಲು 16 ವರ್ಷ. ಇಷ್ಟು ತಿಳಿದ ಮೇಲೆ ರಥಬೀದಿಗೆ ಒಂದು ಸುತ್ತು ಹಾಕಿ, ಬೋರ್ಡು ನೋಡಿ ಮಠಗಳನ್ನು ಲೆಕ್ಕ ಮಾಡಿ. ಮಕ್ಕಳಿಗೆ ಇದೇ ಆಟ.

ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕೊಳಲು ಬೇಡ, ಊದಿದರೆ ಗಾಳಿ ಮಾತ್ರ. ಆ ದುಡ್ಡಿಗೆ ಬಿಸಿ ಗೋಳಿಬಜೆ ತಿನ್ನಿ. ಚಟ್ನಿ ಎರಡನೇ ಸಲ ಕೇಳಿ, ಕೊಡುತ್ತಾರೆ.